ಒಲ್ಲೆ ಎಂದ ಮದುಮಗಳು

1887ರ ಮಾರ್ಚ್ 4ರಂದು ಬೊಂಬಾಯಿ ಹೈಕೋರ್ಟು ಇಪ್ಪತ್ತೆರಡು ವರ್ಷದ ಹೆಣ್ಣುಮಗಳೊಬ್ಬಳಿಗೆ ಒಂದು ತಿಂಗಳ ಗಡುವು ಕೊಟ್ಟಿತು. ಅಷ್ಟರೊಳಗೆ ಗಂಡನ ಮನೆ ಸೇರಬೇಕು; ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ. ಅವಳ ಹನ್ನೊಂದನೆಯ ವಯಸ್ಸಿನಲ್ಲಿ ಹಿರಿಯರು ನಿಂತು ಮಾಡಿದ್ದ ಮದುವೆ ಅದು. ಗಂಡಹೆಂಡಿರಾಗಿ ಅವರು ಬಾಳಿದ್ದೇ ಇಲ್ಲ. ಅವಳ ಉತ್ತರ ಸ್ಪಷ್ಟವಾಗಿತ್ತು: ಸೆರೆಮನೆಗೆ ಬೇಕಾದರೆ ಹೋಗುತ್ತೇನೆ, ಆ ಮನೆಗೆ ಹೋಗಲಾರೆ.

ಆಕೆಯ ಹೆಸರು ರುಖ್ಮಾಬಾಯಿ. ಈಗ ನಮ್ಮ ಮನೆಗಳಲ್ಲಿ ಸಂಬಂಧ ಕುದುರಿಸುವಾಗ ಗಂಡಿನ ಕಡೆಯವರು ಬಂದುಹೋದ ಮೇಲೆ ತಾಯಿಯೋ ಅತ್ತೆಯೋ ಒಳಗೆ ಬಂದು "ನಿನಗೆ ಒಪ್ಪಿಗೆಯೇನಮ್ಮಾ?" ಎಂದು ಕೇಳುತ್ತಾರೆ. ಎಷ್ಟೋ ಕಡೆ ಅದು ಬಾಯುಪಚಾರವೇ ಆಗಿರಬಹುದು. ಆದರೂ ಕೇಳಬೇಕು ಎಂಬ ನಾಚಿಕೆಯಾದರೂ ಉಳಿದಿದೆ. ನೂರ ನಲವತ್ತು ವರ್ಷಗಳ ಹಿಂದೆ ಆ ಪ್ರಶ್ನೆಗೆ ಮನೆಯಲ್ಲಿ ಜಾಗವಿರಲಿಲ್ಲ, ಶಾಸ್ತ್ರದಲ್ಲಿ ಜಾಗವಿರಲಿಲ್ಲ, ಕೋರ್ಟಿನಲ್ಲಂತೂ ಇರಲೇ ಇಲ್ಲ. ಯಾರೂ ಕೇಳದ ಪ್ರಶ್ನೆಗೆ ಬೊಂಬಾಯಿಯ ಈ ಹುಡುಗಿ ತಾನಾಗಿ ಉತ್ತರ ಕೊಟ್ಟಳು. ಆ ಉತ್ತರವನ್ನು ಬ್ರಿಟಿಷ್ ಇಂಡಿಯಾದ ನ್ಯಾಯಾಲಯ, ಪತ್ರಿಕೆಗಳು, ಲಂಡನ್ನಿನ ಓದುಗರು, ಪುಣೆಯ ಪಂಡಿತರು ಎಲ್ಲರೂ ಕೇಳಿಸಿಕೊಳ್ಳಬೇಕಾಯಿತು.

ರುಖ್ಮಾಬಾಯಿ ಹುಟ್ಟಿದ್ದು 1864ರ ನವೆಂಬರ್ 22ರಂದು. ತಂದೆ ಜನಾರ್ದನ ಪಾಂಡುರಂಗ, ಸುತಾರರು, ಅಂದರೆ ಬಡಗಿ ಕುಲದವರು. ಮಗಳಿಗೆ ಮೂರು ತುಂಬುವ ಮೊದಲೇ ಅವರು ತೀರಿಕೊಂಡರು. ತಾಯಿ ಜಯಂತಿಬಾಯಿ ಇನ್ನೂ ಹದಿಹರೆಯದ ವಿಧವೆ. ಮೇಲ್ಜಾತಿಯ ಮನೆಯಾಗಿದ್ದರೆ ಆಕೆಯ ಮುಂದಿನ ಬದುಕು ಬೋಳು ತಲೆ, ಕೆಂಪು ಸೀರೆ, ಹಿತ್ತಲ ಕೋಣೆಗಳಲ್ಲಿ ಮುಗಿಯುತ್ತಿತ್ತು. ಸುತಾರರಲ್ಲಿ ವಿಧವೆ ಮರುಮದುವೆಯಾಗುವ ರೂಢಿಯಿತ್ತು. ನಮ್ಮ ಕಡೆ ಉಡಿಕೆ, ಕೂಡಿಕೆ ಎನ್ನುತ್ತಾರಲ್ಲ, ಅಂಥದ್ದು. ಜಯಂತಿಬಾಯಿ ಗಂಡನಿಂದ ಬಂದ ಆಸ್ತಿಯನ್ನು ಮಗಳ ಹೆಸರಿಗೆ ಬರೆದುಕೊಟ್ಟು, ಹೆಂಡತಿಯನ್ನು ಕಳೆದುಕೊಂಡಿದ್ದ ಡಾಕ್ಟರ್ ಸಖಾರಾಮ ಅರ್ಜುನರನ್ನು ಮದುವೆಯಾದರು. ಸಖಾರಾಮರು ಬೊಂಬಾಯಿಯ ಹೆಸರಾಂತ ವೈದ್ಯರು, ಸಸ್ಯಶಾಸ್ತ್ರ ಬಲ್ಲವರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು.

ಕುಟುಂಬದ ಈ ವಿವರವನ್ನು ಲಘುವಾಗಿ ನೋಡಬಾರದು. ರುಖ್ಮಾಬಾಯಿಯ ಕಥೆಯನ್ನು ಇಂಗ್ಲಿಷ್ ಶಿಕ್ಷಣ ತಂದ ಎಚ್ಚರ ಎಂದಷ್ಟೇ ಹೇಳುವವರಿದ್ದಾರೆ. ಅವಳ ಮನೆಯಲ್ಲಿ ಎರಡನೆಯ ಬದುಕು ಕಟ್ಟಿಕೊಂಡ ತಾಯಿ ಇದ್ದರು. ಆ ತಾಯಿಗೆ ಎರಡನೆಯ ಮದುವೆಯನ್ನು ಒಪ್ಪಿಕೊಟ್ಟದ್ದು ಇಂಗ್ಲಿಷ್ ಶಾಲೆಯಲ್ಲ, ಬಡಗಿ ಕುಲದ ಹಳೆಯ ಕಟ್ಟಳೆ. ಮನೆತನದ ಸಂಪ್ರದಾಯ ಎಂದಾಗ ನಮಗೆ ಒಂದೇ ಬಗೆಯ, ಮೇಲ್ಜಾತಿಯವರು ಬರೆದಿಟ್ಟ ಸಂಪ್ರದಾಯ ಕಣ್ಣಿಗೆ ಬರುತ್ತದೆ. ಆ ಕಾಲದಲ್ಲೂ ಅದು ಹಲವು ಬಗೆಯದಾಗಿತ್ತು, ಕೆಲವು ಬಗೆಗಳು ಹೆಣ್ಣಿಗೆ ಹೆಚ್ಚು ಉಸಿರು ಕೊಡುತ್ತಿದ್ದವು.

ಹಾಗೆಂದು ಆ ಮನೆ ಬಾಲ್ಯವಿವಾಹದಿಂದ ಹೊರಗಿರಲಿಲ್ಲ. ಹನ್ನೊಂದಕ್ಕೆ ರುಖ್ಮಾಬಾಯಿಗೆ ದಾದಾಜಿ ಭಿಕಾಜಿಯ ಜೊತೆ ಮದುವೆಯಾಯಿತು. ಹುಡುಗ ಸಖಾರಾಮರ ಸಂಬಂಧಿಕ, ವಯಸ್ಸು ಹತ್ತೊಂಬತ್ತರ ಆಸುಪಾಸು, ಬಡವ. ಮಾತು ಹೀಗಿತ್ತು: ಅವನು ಮನೆಅಳಿಯನಾಗಿ ಇಲ್ಲೇ ಇರಬೇಕು, ಓದಬೇಕು, ಕೈಲಾಗುವ ಮನುಷ್ಯನಾಗಬೇಕು, ಖರ್ಚೆಲ್ಲ ಹೆಣ್ಣಿನ ಮನೆಯದು. ಅಂದಿನ ಲೆಕ್ಕದಲ್ಲಿ ಇದು ಮಗಳ ಹಿತ ಬಯಸಿದ ಏರ್ಪಾಡೇ. ಮಗಳನ್ನು ಕಳಿಸಿಕೊಡುವ ನೋವಿಲ್ಲ, ಅತ್ತೆಯ ಕಾಟವಿಲ್ಲ, ಅಳಿಯ ಕಣ್ಣೆದುರೇ ಬೆಳೆಯುತ್ತಾನೆ. ಮದುವೆಯಾದ ಕೆಲವೇ ತಿಂಗಳಲ್ಲಿ ಹುಡುಗಿ ಮೈನೆರೆದಳು. ರೂಢಿಯಂತೆ ಪ್ರಸ್ತವಾಗಬೇಕಿತ್ತು. ಸಖಾರಾಮರು ಒಪ್ಪಲಿಲ್ಲ. ಎಳೆಯ ಮೈಗೆ ಅದು ಏನು ಮಾಡುತ್ತದೆ ಎಂದು ವೈದ್ಯರಾಗಿ ಅವರು ಬಲ್ಲವರು; ಸುಧಾರಕರ ಬಳಗದ ಒಡನಾಟವೂ ಇತ್ತು.

ಈ ಮೊಕದ್ದಮೆಯ ಬೀಜ ಆ ನಿರಾಕರಣೆಯಲ್ಲಿದೆ ಎಂದು ನಾನು ನಂಬುತ್ತೇನೆ. ನ್ಯಾಯಾಧೀಶರ ಹೆಸರುಗಳು, ವಕೀಲರ ವಾದಗಳು ಚರಿತ್ರೆಯ ಪುಸ್ತಕದಲ್ಲಿ ಉಳಿಯುತ್ತವೆ. ಆದರೆ ಪ್ರಸ್ತ ಬೇಡ ಎಂದು ಒಬ್ಬ ಮಲತಂದೆ ತನ್ನ ಮನೆಯೊಳಗೆ, ನೆಂಟರಿಷ್ಟರ ಮುಖಕ್ಕೆ ಹೇಳಿದ ಆ ಒಂದು ಮಾತಿಲ್ಲದಿದ್ದರೆ ಹದಿಮೂರಕ್ಕೆ ಬಸುರಿಯಾಗಿ, ಹದಿನಾಲ್ಕಕ್ಕೆ ತೊಟ್ಟಿಲು ತೂಗಿ, ಆ ಹುಡುಗಿ ಸಾವಿರಾರು ಹುಡುಗಿಯರಂತೆ ಕಾಣೆಯಾಗಿಬಿಡುತ್ತಿದ್ದಳು.

ದಾದಾಜಿಗೆ ಓದು ಹತ್ತಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವನು ಸೋದರಮಾವ ನಾರಾಯಣ ಧುರ್ಮಾಜಿಯ ಮನೆ ಸೇರಿದ. ಆ ಮನೆಯ ನಡತೆ ರುಖ್ಮಾಬಾಯಿಯ ಕಡೆಯವರಿಗೆ ಸರಿಕಾಣಲಿಲ್ಲ. ದಾದಾಜಿ ಸಾಲ ಮಾಡಿಕೊಂಡ, ಆರೋಗ್ಯವೂ ಕೆಟ್ಟಿತು. ಇತ್ತ ರುಖ್ಮಾಬಾಯಿಗೆ ಶಾಲೆ ನಿಂತುಹೋಗಿತ್ತು. ಮದುವೆಯಾದ ಹುಡುಗಿಯನ್ನು ಶಾಲೆಗೆ ಕಳಿಸುವವರಾರು? ಫ್ರೀ ಚರ್ಚ್ ಮಿಷನ್ನಿನ ಪುಸ್ತಕಾಲಯದಿಂದ ಪುಸ್ತಕ ತರಿಸಿಕೊಂಡು ಮನೆಯಲ್ಲೇ ಓದಿದಳು. ಪ್ರಾರ್ಥನಾ ಸಮಾಜದ, ಆರ್ಯ ಮಹಿಳಾ ಸಮಾಜದ ಕೂಟಗಳಿಗೆ ತಾಯಿಯ ಜೊತೆ ಹೋಗಿಬಂದಳು. ಹೀಗೆ ವರ್ಷಗಳು ಕಳೆದವು. ಅವನು ಅಲ್ಲಿ, ಇವಳು ಇಲ್ಲಿ, ಹೆಸರಿಗೆ ಗಂಡಹೆಂಡಿರು.

1884ರ ಮಾರ್ಚ್‌ನಲ್ಲಿ ದಾದಾಜಿಯ ವಕೀಲರಿಂದ ಸಖಾರಾಮರಿಗೆ ನೋಟಿಸು ಬಂತು: ನನ್ನ ಹೆಂಡತಿಯನ್ನು ತಡೆದಿಟ್ಟುಕೊಳ್ಳಬೇಡಿ, ಕಳಿಸಿ. ಹೆಣ್ಣಿನ ಹೆಸರಿನಲ್ಲಿದ್ದ ಆಸ್ತಿಯ ಮಾತು ಎರಡೂ ಕಡೆಯ ಜಗಳದಲ್ಲಿ ತಪ್ಪದೆ ಕೇಳಿಬಂತು. ತಾಯಿಗೂ ತಾತನಿಗೂ ಆ ಆಸ್ತಿಯ ಮೇಲೆ ಕಣ್ಣು, ಅದಕ್ಕೇ ಹುಡುಗಿಯನ್ನು ಕಳಿಸುತ್ತಿಲ್ಲ ಎಂದು ದಾದಾಜಿ ಮುಂದೆ 1887ರಲ್ಲಿ ಪುಸ್ತಿಕೆಯನ್ನೇ ಅಚ್ಚುಹಾಕಿಸಿದ. ರುಖ್ಮಾಬಾಯಿ ಅದಕ್ಕೆ ಪತ್ರಿಕೆಯಲ್ಲಿ ಸಾಲುಸಾಲಾಗಿ ಉತ್ತರ ಬರೆದರು. ಆಸ್ತಿಯ ಲೆಕ್ಕ ಏನೇ ಇರಲಿ, ನೋಟಿಸಿನ ನಂತರ ದಾವೆ ಬಂತು. ದಾವೆಯ ಹೆಸರು: ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ.

ಈ ದಾವೆ ಎಲ್ಲಿಂದ ಬಂತು ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದೆ ಇದನ್ನೇ ಹಿಂದೂ ಧರ್ಮದ ರಕ್ಷಣೆ ಎಂದು ಕರೆಯಲಾಯಿತು. ಮನುವಿನಲ್ಲಾಗಲಿ ಯಾಜ್ಞವಲ್ಕ್ಯರಲ್ಲಾಗಲಿ ಹೆಂಡತಿಯ ಕರ್ತವ್ಯಗಳ ಬಗ್ಗೆ ಧಾರಾಳವಾಗಿ ಮಾತಿದೆ. ಆದರೆ ಮುನಿಸಿಕೊಂಡ ಹೆಂಡತಿಯನ್ನು ಗಂಡನ ಕೋಣೆಗೆ ಕಳಿಸಲು ಸೆರೆಮನೆಯ ಭಯ ತೋರಿಸುವ ಈ ಬಗೆಯ ದಾವೆ ಅಲ್ಲಿಯದಲ್ಲ. ಅದು ಇಂಗ್ಲೆಂಡಿನ ಚರ್ಚು ನ್ಯಾಯಾಲಯಗಳದು. ಮಧ್ಯಯುಗದ ಕ್ರೈಸ್ತ ಕಟ್ಟಳೆಯಲ್ಲಿ ಮದುವೆ ಮುರಿಯಲಾಗದ ಸಂಸ್ಕಾರ. ವಿಚ್ಛೇದನವಿಲ್ಲದ ಮೇಲೆ ಬಿಟ್ಟುಹೋದವರನ್ನು ಮರಳಿ ಕರೆತರುವುದೊಂದೇ ಪರಿಹಾರ. ಮರಳದವರಿಗೆ ಮೊದಲು ಬಹಿಷ್ಕಾರವಿತ್ತು. 1813ರ ಕಾಯಿದೆ ಅದರ ಬದಲಿಗೆ ಆರು ತಿಂಗಳವರೆಗಿನ ಸೆರೆವಾಸ ತಂದಿತು. 1867ರಲ್ಲಿ ಕಲ್ಕತ್ತೆಯ ಮುಸ್ಲಿಂ ದಂಪತಿಯ ವ್ಯಾಜ್ಯವೊಂದರಲ್ಲಿ ಪ್ರಿವಿ ಕೌನ್ಸಿಲ್ ಇಂಥ ದಾವೆ ಭಾರತದಲ್ಲೂ ನಡೆಯಬಹುದು ಎಂದಿತು. ಅಲ್ಲಿಂದ ಅದು ಹಿಂದೂಗಳಿಗೂ ಹರಡಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸೆರೆವಾಸದ ಕಲಂ ಸೇರಿತು.

ಅಷ್ಟರಲ್ಲಿ ಇಂಗ್ಲೆಂಡಿನಲ್ಲೇ ಏನಾಯಿತು? ಲಂಡನ್ನಿನಲ್ಲಿ ಜಾರ್ಜಿನಾ ವೆಲ್ಡನ್ ಎಂಬ ಗಟ್ಟಿಗಿತ್ತಿ ತನ್ನನ್ನು ತೊರೆದ ಗಂಡನ ಮೇಲೆ ಇದೇ ದಾವೆ ಹೂಡಿ ಡಿಕ್ರಿ ಪಡೆದಳು. ಗಂಡ ಮರಳಲು ಒಪ್ಪಲಿಲ್ಲ. ಈಗ ಜೈಲಿಗೆ ಹೋಗಬೇಕಾದವನು ಗಂಡಸು! ಪಾರ್ಲಿಮೆಂಟು ತಡಮಾಡಲಿಲ್ಲ. 1884ರಲ್ಲಿ ಕಾಯಿದೆ ತಂದು ಇಂಥ ಡಿಕ್ರಿಗೆ ಸೆರೆವಾಸದ ಶಿಕ್ಷೆಯನ್ನೇ ತೆಗೆದುಹಾಕಿತು. ದಾದಾಜಿ ಬೊಂಬಾಯಿಯಲ್ಲಿ ದಾವೆ ಹೂಡಿದ್ದೂ ಅದೇ 1884ರಲ್ಲಿ. ಅಂದರೆ ಇಂಗ್ಲೆಂಡು ತನ್ನ ಮಕ್ಕಳಿಗೆ ಬೇಡವೆಂದು ಬಿಸುಟ ಬೇಡಿಯೇ ಭಾರತದಲ್ಲಿ ಒಬ್ಬ ಹಿಂದೂ ಹೆಣ್ಣುಮಗಳ ಕಾಲಿಗೆ ಬಿತ್ತು. ಅದನ್ನು ತೊಡಿಸಲು ನಿಂತವರು ಸನಾತನ ಧರ್ಮದ ಹೆಸರು ಹೇಳಿದರು.

ಹಿಂದೆ ಇಂಥ ಜಗಳ ಕುಲದ ಪಂಚಾಯ್ತಿಯಲ್ಲಿ ಮುಗಿಯುತ್ತಿತ್ತು. ಅಲ್ಲಿ ನ್ಯಾಯ ಸಿಗುತ್ತಿತ್ತು ಎಂದು ನಾನು ಹೇಳಲಾರೆ. ಪಂಚಾಯ್ತಿ ಕಟ್ಟೆಯ ಮೇಲೆ ಹೆಂಗಸಿನ ಮಾತಿಗೆ ಎಷ್ಟು ಬೆಲೆಯಿತ್ತೆಂದು ನಮಗೆಲ್ಲ ಗೊತ್ತು. ಆದರೆ ಅನೇಕ ಕುಲಗಳಲ್ಲಿ ಬಿಡುಗಡೆಗೆ ದಾರಿಯಿತ್ತು. ತೆರ ಹಿಂತಿರುಗಿಸಿ, ದಂಡ ಕಟ್ಟಿ, ನಾಲ್ಕು ಜನರೆದುರು ಮದುವೆ ಮುರಿಯಬಹುದಿತ್ತು. ಬ್ರಿಟಿಷ್ ನ್ಯಾಯಾಲಯಗಳು ಸಂಸ್ಕೃತ ಗ್ರಂಥಗಳಲ್ಲಿ ಇದ್ದದ್ದನ್ನೇ ಎಲ್ಲ ಹಿಂದೂಗಳ ಕಾನೂನು ಎಂದು ತೆಗೆದುಕೊಂಡಾಗ ಇಂಥ ದಾರಿಗಳು ಕಿರಿದಾದವು.

ದಾವೆ ಮೊದಲು ನ್ಯಾಯಮೂರ್ತಿ ರಾಬರ್ಟ್ ಹಿಲ್ ಪಿನ್ಹೀ ಅವರ ಮುಂದೆ ಬಂತು. ಅಷ್ಟರಲ್ಲಿ ಸಖಾರಾಮರು ಇರಲಿಲ್ಲ. 1885ರ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಆಸರೆಯಾಗಿದ್ದ ಹಿರಿಯ ಜೀವ ಹೋದಮೇಲೆ ಹುಡುಗಿ ಸೋಲೊಪ್ಪುತ್ತಾಳೆಂದು ಎದುರು ಪಕ್ಷ ಎಣಿಸಿದ್ದರೆ ತಪ್ಪೇನಿಲ್ಲ. ಆದರೆ ರುಖ್ಮಾಬಾಯಿಯ ಪರವಾಗಿ ಅಡ್ವೊಕೇಟ್ ಜನರಲ್ ಲೇತಮ್, ಇನ್ವೆರಾರಿಟಿ, ಸಂಸ್ಕೃತ ಪಂಡಿತರೂ ಆಗಿದ್ದ ಕಾಶಿನಾಥ ತ್ರ್ಯಂಬಕ ತೆಲಂಗರಂಥ ವಕೀಲರು ನಿಂತರು. ಲಿಖಿತ ಉತ್ತರದಲ್ಲಿ ರುಖ್ಮಾಬಾಯಿ ಕೊಟ್ಟ ಕಾರಣಗಳು ನೇರವಾಗಿದ್ದವು: ಇವನಿಗೆ ನನ್ನನ್ನು ಸಾಕುವ ಶಕ್ತಿಯಿಲ್ಲ; ಗೂರಲು, ಕ್ಷಯದ ಲಕ್ಷಣಗಳಿವೆ; ಇವನು ಆಶ್ರಯ ಪಡೆದಿರುವ ಮನೆಯ ಯಜಮಾನನ ನಡತೆ ಸರಿಯಿಲ್ಲ. ಈ ಮೂರರ ಹಿಂದೆ ಇನ್ನೂ ದೊಡ್ಡ ಮಾತೊಂದಿತ್ತು. ಬುದ್ಧಿ ಬಲಿಯುವ ಮೊದಲು, ನನ್ನನ್ನು ಕೇಳದೆ ಮಾಡಿದ ಮದುವೆಗೆ ನಾನು ಬದ್ಧಳಲ್ಲ.

1885ರ ಸೆಪ್ಟೆಂಬರ್ 21ರಂದು ಪಿನ್ಹೀ ದಾವೆಯನ್ನು ವಜಾ ಮಾಡಿದರು. ಎದುರು ಪಕ್ಷದ ಸಾಕ್ಷ್ಯ ಮುಗಿದ ಕೂಡಲೇ, ರುಖ್ಮಾಬಾಯಿಯ ವಕೀಲರು ತಮ್ಮ ವಾದ ಮುಂದಿಡುವ ಮೊದಲೇ ತೀರ್ಪು ಬಂತು. ಪಿನ್ಹೀ ಅವರ ತರ್ಕ ಇಷ್ಟು: ಈ ದಾವೆ ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ ಕೂಡಿ ಬಾಳಿ ಆಮೇಲೆ ಬೇರೆಯಾದವರನ್ನು ಮತ್ತೆ ಕೂಡಿಸಲು ಅದು ಇದೆ. ಇಲ್ಲಿ ಕೂಡಿ ಬಾಳಿದ್ದೇ ಇಲ್ಲದ ಮೇಲೆ ಏನನ್ನು ಪುನಃ ಸ್ಥಾಪಿಸುವುದು? ಹಿಂದೂ ಕಾನೂನಿನಲ್ಲೂ ಇದಕ್ಕೆ ಪೂರ್ವನಿದರ್ಶನವಿಲ್ಲ. ಅಸಹಾಯಕ ಶೈಶವದಲ್ಲಿ ಮದುವೆಯಾದ ಹುಡುಗಿಯನ್ನು, ಅವಳು ಒಲ್ಲದ ಗಂಡಸಿನ ಬಳಿ ಬಲವಂತವಾಗಿ ದೂಡುವುದು ಕ್ರೂರ, ಅನಾಗರಿಕ, ಹೇಸಿಗೆಯ ಕೆಲಸ.

ಆ ದಿನಗಳಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ 'ಒಬ್ಬ ಹಿಂದೂ ಮಹಿಳೆ' ಎಂಬ ಹೆಸರಿನಲ್ಲಿ ಎರಡು ಪತ್ರಗಳು ಅಚ್ಚಾಗಿದ್ದವು. ಜೂನ್ 26ರದ್ದು ಬಾಲ್ಯವಿವಾಹದ ಬಗ್ಗೆ, ಸೆಪ್ಟೆಂಬರ್ 19ರದ್ದು ಬಲವಂತದ ವೈಧವ್ಯದ ಬಗ್ಗೆ. ಹಿಂದಿನ ವರ್ಷ ಪಾರ್ಸಿ ಪತ್ರಕರ್ತ ಬೆಹ್ರಾಮ್‌ಜಿ ಮಲಬಾರಿ ಇದೇ ಎರಡು ವಿಷಯಗಳ ಮೇಲೆ ಟಿಪ್ಪಣಿಗಳನ್ನು ಪ್ರಕಟಿಸಿ ದೇಶದ ತುಂಬ ಚರ್ಚೆ ಎಬ್ಬಿಸಿದ್ದರು. ಆ ಚರ್ಚೆಯಲ್ಲಿ ಕಲೆಕ್ಟರರು, ದಿವಾನರು, ಪ್ರೊಫೆಸರರು, ಶಾಸ್ತ್ರಿಗಳು ಎಲ್ಲ ಮಾತಾಡಿದರು. ಮಾತಾಡದೆ ಉಳಿದವರು ಆ ಮದುವೆಗಳಲ್ಲಿ ಬದುಕುತ್ತಿದ್ದ ಹೆಣ್ಣುಮಕ್ಕಳು. ಪತ್ರ ಬರೆದ ಆ ಮಹಿಳೆ ಆ ಮೌನವನ್ನು ಮುರಿದಳು. ಎಳೆಯ ಮದುವೆ ತನ್ನ ಓದನ್ನು ಹೇಗೆ ಕಿತ್ತುಕೊಂಡಿತು, ಅತ್ತೆಮನೆಯಲ್ಲಿ ಸೊಸೆಗೆ ಎಂಥ ಸ್ಥಾನ, ಗಂಡಸಿಗೆ ಇನ್ನೊಂದು ಮದುವೆಯ ಬಾಗಿಲು ಯಾವಾಗಲೂ ತೆರೆದಿರುವಾಗ ಹೆಂಗಸಿಗೆ ಎಲ್ಲ ಬಾಗಿಲೂ ಹೇಗೆ ಮುಚ್ಚಿವೆ ಎಂದೆಲ್ಲ ಸ್ವಂತ ಅನುಭವದಿಂದ ಬರೆದಿದ್ದಳು. ಬರೆದವರು ರುಖ್ಮಾಬಾಯಿ ಎಂದು ಆಮೇಲೆ ತಿಳಿಯಿತು. ಒಂದು ಕೈಯಿಂದ ಕೋರ್ಟಿಗೆ ಉತ್ತರ ಕೊಡುತ್ತ ಇನ್ನೊಂದು ಕೈಯಿಂದ ಸಮಾಜಕ್ಕೆ ಪ್ರಶ್ನೆ ಬರೆದ ಆ ಇಪ್ಪತ್ತರ ಹುಡುಗಿಯ ಎದೆಗಾರಿಕೆಗೆ ನಾನು ಮತ್ತೆ ಮತ್ತೆ ತಲೆಬಾಗುತ್ತೇನೆ.

ಪಿನ್ಹೀ ತೀರ್ಪು ಬಂದದ್ದೇ ತಡ, ಪತ್ರಿಕೆಗಳು ಎರಡು ಬಣವಾದವು. ಪುಣೆಯಲ್ಲಿ ಬಾಲಗಂಗಾಧರ ತಿಲಕರ ಬಳಗದ ಪತ್ರಿಕೆಗಳು ತೀರ್ಪನ್ನು ಕಟುವಾಗಿ ಟೀಕಿಸಿದವು. ಹಿಂದೂ ವಿವಾಹದ ಮರ್ಮ ಆ ಇಂಗ್ಲಿಷ್ ಜಡ್ಜಿಗೆ ಗೊತ್ತಿಲ್ಲ. ಹಿಂದೂಗಳಲ್ಲಿ ಮದುವೆ ಕರಾರಲ್ಲ, ಸಂಸ್ಕಾರ. ಹುಡುಗಿಯ ಒಪ್ಪಿಗೆಯ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ ಎಂಬುದು ಅವರ ವಾದ. ತಿಲಕರ ಆತಂಕದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಪರದೇಶದ ಸರ್ಕಾರ ಮನೆಯ ಹೊಸ್ತಿಲು ದಾಟಿ ಒಳಗೆ ಬರುವುದನ್ನು ಕಂಡು ಸಿಡಿದೇಳುವುದು ಸಹಜ. ದೇಶಕ್ಕೆ ಅವರು ಮಾಡಿದ ಸೇವೆ ದೊಡ್ಡದು, ಅದಕ್ಕಾಗಿ ಅವರು ತೆತ್ತ ಬೆಲೆಯೂ ದೊಡ್ಡದು. ಆದರೆ ಈ ವ್ಯಾಜ್ಯದಲ್ಲಿ ಹೊಸ್ತಿಲೊಳಗೆ ಆ ಸರ್ಕಾರದ ಜೈಲನ್ನು ಕರೆದುತಂದವನು ದಾದಾಜಿ. ಹೆಣ್ಣು ಕೇಳಿದ್ದು ತನ್ನ ಪಾಡಿಗೆ ತನ್ನನ್ನು ಬಿಡಿ ಎಂದಷ್ಟೇ. ಸ್ವರಾಜ್ಯ ಎಂಬ ಮಾತಿಗೆ ಅರ್ಥವಿದ್ದರೆ ಅದು ಆ ಹುಡುಗಿಗೂ ಸಲ್ಲಬೇಕಿತ್ತು. ಈ ವಿಷಯದಲ್ಲಿ ತಿಲಕರು ತಪ್ಪು ಮಾಡಿದರು.

ದಾದಾಜಿ ಮೇಲ್ಮನವಿ ಹಾಕಿದ. 1886ರ ಮಾರ್ಚ್ 18ರಂದು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಸಾರ್ಜೆಂಟ್, ನ್ಯಾಯಮೂರ್ತಿ ಬೇಲಿ ಅವರು ಪಿನ್ಹೀ ತೀರ್ಪನ್ನು ತಳ್ಳಿಹಾಕಿ ಮೊಕದ್ದಮೆಯನ್ನು ಮರುವಿಚಾರಣೆಗೆ ಕಳಿಸಿದರು. ಹಿಂದೂ ಮದುವೆ ಸಪ್ತಪದಿಯಿಂದಲೇ ಪೂರ್ಣವಾಗುತ್ತದೆ, ಕೂಡಿ ಬಾಳಿದರೋ ಇಲ್ಲವೋ ಎಂಬುದರಿಂದ ಅಲ್ಲ. ಹಾಗಾಗಿ ದಾವೆ ನಿಲ್ಲುತ್ತದೆ ಎಂಬುದು ಅವರ ನಿಲುವಿನ ಸಾರ. ಮರುವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಫ್ಯಾರನ್. ಅವರು ಕೊಟ್ಟದ್ದೇ ಮೊದಲು ಹೇಳಿದ ಆ ಒಂದು ತಿಂಗಳ ಗಡುವು.

ರುಖ್ಮಾಬಾಯಿ ಜೈಲಿಗೆ ಸಿದ್ಧ ಎಂದಾಗ ಆಡಳಿತಗಾರರೇ ಪೇಚಿಗೆ ಸಿಕ್ಕರು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದ ಉತ್ಸವ ನಡೆಯುತ್ತಿದ್ದ ಕಾಲ ಅದು. ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ 1887ರ ಏಪ್ರಿಲ್ 9ರಂದು ರುಖ್ಮಾಬಾಯಿಯ ಪತ್ರವೊಂದು ಅಚ್ಚಾಯಿತು. ಹುಡುಗರಿಗೆ ಇಪ್ಪತ್ತು, ಹುಡುಗಿಯರಿಗೆ ಹದಿನೈದು ತುಂಬುವ ಮೊದಲು ಆದ ಮದುವೆಯನ್ನು ಕಾನೂನು ಒಪ್ಪದಂತೆ ಮಾಡಿ ಎಂಬ ಬೇಡಿಕೆ ಅದರಲ್ಲಿತ್ತು. ಎಂದೂ ಭಾರತಕ್ಕೆ ಕಾಲಿಡದ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಕೂಡ ಅವರ ಪರವಾಗಿ ಬರೆದರು. ಬೊಂಬಾಯಿಯಲ್ಲಿ ಮಲಬಾರಿ, ಎಲ್ಫಿನ್‌ಸ್ಟನ್ ಕಾಲೇಜಿನ ಪ್ರಿನ್ಸಿಪಾಲ್ ವರ್ಡ್ಸ್‌ವರ್ತ್ ಮೊದಲಾದವರು ಸೇರಿ ರಕ್ಷಣಾ ಸಮಿತಿ ಕಟ್ಟಿದರು.

ಆಗ ಅಮೆರಿಕದಲ್ಲಿದ್ದ ಪಂಡಿತಾ ರಮಾಬಾಯಿ 1887ರಲ್ಲಿ ಪ್ರಕಟಿಸಿದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಈ ಮೊಕದ್ದಮೆಗೆ ಜಾಗ ಕೊಟ್ಟರು. ರಮಾಬಾಯಿ ನಮ್ಮ ನೆಲದಲ್ಲಿ ಹುಟ್ಟಿದವರು. ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡು ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದ್ದರು. 1858ರಲ್ಲಿ ಮಗಳು ಹುಟ್ಟಿದ್ದು ಅಲ್ಲೇ. ಆ ತಂದೆ ಈ ಮಗಳಿಗೆ ಬಾಲ್ಯದಲ್ಲಿ ಮದುವೆ ಮಾಡಲಿಲ್ಲ. ಬಡಗಿ ಕುಲದ ರುಖ್ಮಾಬಾಯಿಯ ಪರವಾಗಿ ಚಿತ್ಪಾವನ ಶಾಸ್ತ್ರಿಯ ಮಗಳು ಅಷ್ಟು ಉರಿದು ಬರೆಯಲು ಆ ಕಾಡಿನ ಮನೆಯ ಪಾಠವೂ ಕಾರಣವಿರಬೇಕು.

ಕೊನೆಗೆ ರುಖ್ಮಾಬಾಯಿಯನ್ನು ಜೈಲಿಗೆ ಕಳಿಸಲಿಲ್ಲ. 1888ರ ಜುಲೈಯಲ್ಲಿ ರಾಜಿಯಾಯಿತು. ದಾದಾಜಿ ಎರಡು ಸಾವಿರ ರೂಪಾಯಿ ತೆಗೆದುಕೊಂಡು ಡಿಕ್ರಿಯನ್ನು ಜಾರಿ ಮಾಡಿಸುವುದಿಲ್ಲ ಎಂದು ಒಪ್ಪಿದ. ಮರುವರ್ಷ ಅವನು ಇನ್ನೊಂದು ಮದುವೆಯಾದ. ವಿಕ್ಟೋರಿಯಾ ರಾಣಿಯೇ ಈ ಮದುವೆಯನ್ನು ರದ್ದು ಮಾಡಿದಳೆಂಬ ಕಥೆ ಈಗಲೂ ಅಲ್ಲಲ್ಲಿ ಓಡಾಡುತ್ತದೆ. ಅದು ನಿಜವಲ್ಲ. ಯಾರೂ ಆ ಮದುವೆಯನ್ನು ರದ್ದು ಮಾಡಲಿಲ್ಲ. ದುಡ್ಡು ಕೊಟ್ಟು ಬಿಡಿಸಿಕೊಂಡದ್ದಾಯಿತು, ಅಷ್ಟೇ. ಕಾನೂನಿನ ಕಣ್ಣಿನಲ್ಲಿ ಅವರು ದಾದಾಜಿಯ ಹೆಂಡತಿಯಾಗಿಯೇ ಉಳಿದರು. ಮರುಮದುವೆಯಾಗುವ ದಾರಿ ಗಂಡನಿಗಿತ್ತು, ಅವರಿಗಿರಲಿಲ್ಲ.

ಮುಂದಿನ ಬದುಕನ್ನು ಅವರು ಸ್ವತಃ ಆರಿಸಿಕೊಂಡರು. ಬೊಂಬಾಯಿಯ ಕಾಮಾ ಆಸ್ಪತ್ರೆಯ ಡಾಕ್ಟರ್ ಈಡಿತ್ ಪೀಚಿ ಬೆನ್ನಿಗೆ ನಿಂತರು. ಎಡಿನ್‌ಬರೊದಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಿಕ್ಷಣ ಬೇಕೆಂದು ಹೋರಾಡಿದ ಏಳು ಜನರಲ್ಲಿ ಪೀಚಿಯೂ ಒಬ್ಬರು. 1889ರಲ್ಲಿ ರುಖ್ಮಾಬಾಯಿ ಹಡಗು ಹತ್ತಿದರು. ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ 1894ರಲ್ಲಿ ಪದವಿ ಪಡೆದರು. ತಿರುಗಿ ಬಂದು ಸೂರತ್ತಿನ ಮಹಿಳಾ ಆಸ್ಪತ್ರೆಯಲ್ಲಿ ಎರಡು ದಶಕಕ್ಕೂ ಮಿಕ್ಕಿ, ಆಮೇಲೆ ರಾಜಕೋಟೆಯಲ್ಲಿ ದುಡಿದರು. ಭಾರತದ ಮೊದಲ ಮಹಿಳಾ ವೈದ್ಯರ ಸಾಲಿನಲ್ಲಿ ಅವರ ಹೆಸರಿದೆ. ಎಳೆಯ ಬಸುರಿಯರ ಮೈಮೇಲೆ ಬಾಲ್ಯವಿವಾಹ ಬರೆದ ಬರಹವನ್ನು ಅವರು ದಿನನಿತ್ಯ ಓದಿರಬೇಕು.

1904ರಲ್ಲಿ ದಾದಾಜಿ ಸತ್ತ. ಸುದ್ದಿ ತಿಳಿದ ಮೇಲೆ ಡಾಕ್ಟರ್ ರುಖ್ಮಾಬಾಯಿ ವಿಧವೆಯ ಬಿಳಿ ಸೀರೆ ಉಡತೊಡಗಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಓದಿದ ಅನೇಕರು ತಬ್ಬಿಬ್ಬಾಗುತ್ತಾರೆ. ಇಷ್ಟೆಲ್ಲ ಹೋರಾಡಿ ಕೊನೆಗೆ ಹೀಗೇಕೆ? ಸಣ್ಣ ಊರಿನ ಆಸ್ಪತ್ರೆಗೆ ಮನೆಮನೆಯ ಹೆಂಗಸರು ನಂಬಿ ಬರಬೇಕಿದ್ದರೆ ವೈದ್ಯೆಯ ವೇಷವೂ ನಂಬಿಕೆ ಹುಟ್ಟಿಸಬೇಕಿತ್ತು ಎಂದು ವಿವರಿಸಬಹುದು. ಆದರೆ ವಿವರಣೆ ಕೇಳುವ ಹಕ್ಕು ನಮಗಿದೆಯೇ? ಅವರು ಸಂಪ್ರದಾಯವನ್ನು ಪೂರ್ತಿ ಸುಟ್ಟುಹಾಕಲು ಹೊರಟವರಲ್ಲ. ಯಾವುದನ್ನು ಉಡಬೇಕು, ಯಾರೊಡನೆ ಬಾಳಬೇಕು ಎಂಬುದನ್ನು ತಾನು ತೀರ್ಮಾನಿಸಬೇಕು ಎಂದವರು. ಬಿಳಿ ಸೀರೆಯನ್ನೂ ಅವರೇ ತೀರ್ಮಾನಿಸಿದರು.

ಈ ವ್ಯಾಜ್ಯ ಕನ್ನಡ ನಾಡಿಗೆ ದೂರದ್ದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಜಿಲ್ಲೆಗಳು ಆಗ ಬೊಂಬಾಯಿ ಪ್ರಾಂತದಲ್ಲಿದ್ದವು. ಅಲ್ಲಿನ ಕೋರ್ಟುಗಳಿಗೆ ಬೊಂಬಾಯಿ ಹೈಕೋರ್ಟು ಹೇಳಿದ್ದೇ ಕಾನೂನು. ಸಾರ್ಜೆಂಟರ ಆ ನಿಲುವು ಧಾರವಾಡದ ಹುಡುಗಿಗೂ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನದ ದಾರಿ ಬೇರೆಯಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯ ಕೊನೆಯ ವರ್ಷವಾದ 1894ರಲ್ಲಿ, ಬಾಲ್ಯವಿವಾಹ ತಡೆಯುವ ರೆಗ್ಯುಲೇಷನ್ ಜಾರಿಗೆ ಬಂತು. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ. ಎಂಟು ವರ್ಷ! ಇಷ್ಟು ಸಣ್ಣ ಮಿತಿಗೂ ವಿರೋಧವಿತ್ತು ಎಂಬುದರಿಂದ ಆಗಿನ ಸ್ಥಿತಿ ತಿಳಿಯುತ್ತದೆ. ಆದರೂ ಬ್ರಿಟಿಷ್ ಇಂಡಿಯಾ ಮದುವೆಯ ವಯಸ್ಸನ್ನು ಮುಟ್ಟಲು ಹೆದರುತ್ತಿದ್ದಾಗ ಮೈಸೂರು ಮುಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯರಿಗೆ ಹದಿನಾಲ್ಕು, ಹುಡುಗರಿಗೆ ಹದಿನೆಂಟು ಎಂದು ಶಾರದಾ ಕಾಯಿದೆ ಬಂದದ್ದು ಮೂವತ್ತೈದು ವರ್ಷಗಳ ಮೇಲೆ, 1929ರಲ್ಲಿ.

ನಡುವೆ ಒಂದು ಸಾವು ನಡೆಯಬೇಕಾಯಿತು. 1890ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ದಾಸಿ ಎಂಬ ಹತ್ತು ಹನ್ನೊಂದರ ಮಗು ಗಂಡನ ಬಲಾತ್ಕಾರದಿಂದ ರಕ್ತ ಸುರಿದು ಸತ್ತಿತು. ಹೆಂಡತಿಗೆ ಹತ್ತು ತುಂಬಿದ್ದರೆ ಗಂಡನ ಮೇಲೆ ಅತ್ಯಾಚಾರದ ಆರೋಪ ಹೊರಿಸಲು ಆಗಿನ ಕಾನೂನಿನಲ್ಲಿ ಆಸ್ಪದವೇ ಇರಲಿಲ್ಲ. 1891ರ ಮಾರ್ಚ್‌ನಲ್ಲಿ ಸಮ್ಮತಿ ವಯಸ್ಸಿನ ಕಾಯಿದೆ ಆ ಮಿತಿಯನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. ರುಖ್ಮಾಬಾಯಿಯ ಮೊಕದ್ದಮೆ ಎಬ್ಬಿಸಿದ್ದ ಚರ್ಚೆ ಆ ಕಾಯಿದೆಗೆ ನೆಲ ಹದ ಮಾಡಿತ್ತು. ಅದೇ ತಿಂಗಳು ಇಂಗ್ಲೆಂಡಿನಲ್ಲೂ ಒಂದು ತೀರ್ಪು ಬಂತು. ಕ್ಲಿದರೋ ಎಂಬ ಊರಿನಲ್ಲಿ ಎಮಿಲಿ ಜಾಕ್ಸನ್ ಚರ್ಚಿನಿಂದ ಹೊರಬರುತ್ತಿದ್ದಾಗ ಗಂಡ ಆಕೆಯನ್ನು ಎತ್ತಿಕೊಂಡು ಹೋಗಿ ಮನೆಯಲ್ಲಿ ಕೂಡಿಹಾಕಿದ್ದ. ಅವನ ಕೈಯಲ್ಲೂ ದಾಂಪತ್ಯ ಹಕ್ಕಿನ ಡಿಕ್ರಿಯಿತ್ತು. ಹೆಂಡತಿಯನ್ನು ಹೀಗೆ ಸೆರೆಯಿಡುವ ಹಕ್ಕು ಗಂಡನಿಗಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಈ ಗೋಳು ಹಿಂದೂಗಳದ್ದು ಮಾತ್ರ ಎಂದು ಆ ಕಾಲದ ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತಿದ್ದುದು ಎಷ್ಟು ಪೊಳ್ಳು ಎಂಬುದಕ್ಕೆ ಈ ಒಂದು ವ್ಯಾಜ್ಯ ಸಾಕು.

ಭಾರತದಲ್ಲಿ ಸೆರೆವಾಸದ ಶಿಕ್ಷೆ 1923ರಲ್ಲಿ ಹೋಯಿತು. ದಾವೆ ಮಾತ್ರ ಹೋಗಲಿಲ್ಲ. ಸ್ವತಂತ್ರ ಭಾರತದ ಸಂಸತ್ತು ಹಿಂದೂ ವಿವಾಹ ಕಾಯಿದೆ ಮಾಡಿದಾಗ ಚರ್ಚು ಕೋರ್ಟಿನ ಆ ಹಳೆಯ ಪರಿಹಾರವನ್ನು 9ನೆಯ ಕಲಂ ಆಗಿ ಉಳಿಸಿಕೊಂಡಿತು. ಆ ಕಾಯಿದೆ 1955ರ ಮೇ 18ರಂದು ಬಂತು. ರುಖ್ಮಾಬಾಯಿ ಆಗ ಇನ್ನೂ ಬದುಕಿದ್ದರು. ಅದೇ ವರ್ಷ ಸೆಪ್ಟೆಂಬರ್ 25ರಂದು, ತೊಂಬತ್ತೊಂದು ತುಂಬಲು ಎರಡು ತಿಂಗಳಿರುವಾಗ ತೀರಿಕೊಂಡರು. ಇಂಗ್ಲೆಂಡು 1970ರಲ್ಲಿ ತಾನು ಹುಟ್ಟಿಸಿದ ಈ ದಾವೆಯನ್ನು ಪೂರ್ತಿ ರದ್ದು ಮಾಡಿತು. 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಎ. ಚೌಧರಿಯವರು ಸರಿತಾ ಮೊಕದ್ದಮೆಯಲ್ಲಿ 9ನೆಯ ಕಲಂ ಸಂವಿಧಾನಕ್ಕೆ ವಿರುದ್ಧ ಎಂದರು. ಹೆಣ್ಣಿನ ಮೈಯ ಮೇಲಿನ ಅಧಿಕಾರ ಅವಳದೇ ಎಂಬ ಆಧಾರದ ಮೇಲೆ. ಮರುವರ್ಷ ಸುಪ್ರೀಂ ಕೋರ್ಟು ಸರೋಜ್ ರಾಣಿ ಮೊಕದ್ದಮೆಯಲ್ಲಿ ಆ ಅಭಿಪ್ರಾಯವನ್ನು ಒಪ್ಪದೆ ಕಲಮನ್ನು ಎತ್ತಿಹಿಡಿಯಿತು.

ಕರ್ನಾಟಕ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಉಳಿದ ದೇಶದಲ್ಲಿ ಬಾಲ್ಯವಿವಾಹವನ್ನು ರದ್ದು ಮಾಡಿಸಿಕೊಳ್ಳಲು ಸಾಮಾನ್ಯವಾಗಿ ಆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಬೇಕು. ನಮ್ಮ ರಾಜ್ಯ 2017ರಲ್ಲಿ ಜಾರಿಗೆ ತಂದ ತಿದ್ದುಪಡಿಯ ಪ್ರಕಾರ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಆಗಿಯೇ ಇಲ್ಲ ಎಂದು ಲೆಕ್ಕ. ಅಸಹಾಯಕ ಶೈಶವದ ಮದುವೆಯ ಬಗ್ಗೆ ಪಿನ್ಹೀ 1885ರಲ್ಲಿ ತಡವರಿಸುತ್ತ ಹೇಳಿದ್ದನ್ನು ನಮ್ಮ ಶಾಸನಸಭೆ ಗಟ್ಟಿಯಾಗಿ ಹೇಳಿದೆ.

ಉಳಿದಿರುವುದು ಆ 9ನೆಯ ಕಲಂ. ಇಂದು ಅದರಡಿ ಯಾರೂ ಜೈಲಿಗೆ ಹೋಗುವುದಿಲ್ಲ. ಆಸ್ತಿ ಜಪ್ತಿಯಾಗಬಹುದು, ಒಂದು ವರ್ಷ ಕಳೆದರೆ ವಿಚ್ಛೇದನಕ್ಕೆ ದಾರಿಯಾಗಬಹುದು. ಹೆಂಡತಿ ಜೀವನಾಂಶ ಕೇಳಿ ಅರ್ಜಿ ಹಾಕಿದ ಕೂಡಲೇ ಗಂಡನ ಕಡೆಯಿಂದ ಈ ದಾವೆ ಬೀಳುವುದನ್ನು ಕೌಟುಂಬಿಕ ನ್ಯಾಯಾಲಯದ ಅಂಗಳದಲ್ಲಿ ನಿಂತ ಯಾರು ಬೇಕಾದರೂ ಕಾಣಬಹುದು. ಒಲ್ಲೆ ಎಂದವರನ್ನು, ಹೆಣ್ಣಾಗಲಿ ಗಂಡಾಗಲಿ, ಕೋರ್ಟಿನ ಆಜ್ಞೆಯಿಂದ ಒಂದು ಮನೆಯೊಳಗೆ ಕೂಡಿಸುವ ಕಾನೂನು ನಮ್ಮದೂ ಅಲ್ಲ, ನಮಗೆ ಬೇಕಾಗಿಯೂ ಇಲ್ಲ. ಸಂಸತ್ತು ಅದನ್ನು ತೆಗೆದುಹಾಕಲಿ.